ಮನೆಯ ಗುಟ್ಟಿನ ಕತೆ ಬೇಕಾ? ‘ಘಾಚರ್ ಘೋಚರ್’ ಅಥವಾ ‘ರೆಬೆಕಾ’

ಎರಡೂ ನಿಧಾನಕ್ಕೆ ಕಾವೇರುವ ಕಾದಂಬರಿಗಳು. ಎರಡರಲ್ಲೂ ಕತೆ ಹೇಳುವವರಿಗೆ ಹೆಸರೇ ಇಲ್ಲ! ಒಂದು ಸಂಜೆ ಮಾತ್ರ ಬಿಡುವಿದ್ದರೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತಗೊಳ್ಳಿ, ನನ್ನ ಓಟು ಅದಕ್ಕೇ. ಬೆಂಗಳೂರಿನ ಮನೆ, ಮಸಾಲೆ ವ್ಯಾಪಾರದಿಂದ ಬಂದ ದುಡ್ಡು, ದುಡಿಯುವ ಚಿಕ್ಕಪ್ಪನ ಸುತ್ತ ಎಲ್ಲರ ಓಲೈಕೆ. ಒಬ್ಬ ಹೆಂಗಸು ಅವನಿಗೆ ಇಷ್ಟ ಅಂತ ಅಡುಗೆ ಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ, ಮನೆಯ ಹೆಂಗಸರು ಬೈದು ಅಟ್ಟುತ್ತಾರೆ, ಆತ ಹೊರಗೇ ಬರುವುದಿಲ್ಲ. ಕೊಲೆ-ಗಿಲೆ ಏನೂ ನಡೆದಿಲ್ಲ, ಆದರೂ ಈ ಜನ ಎಲ್ಲಿವರೆಗೂ ಹೋದಾರು ಅಂತ ಅಲ್ಲೇ ಭಯ ಶುರುವಾಗುತ್ತದೆ. ಕೊನೆಯಲ್ಲಿ ಬಿಡಿಸಿ ಹೇಳುವುದಿಲ್ಲ, ಅದಕ್ಕೇ ಕೆಲವರಿಗೆ ಸಿಟ್ಟು.

ಉತ್ತರ ಬೇಕೇ ಬೇಕು ಅನ್ನುವವರಿಗೆ ಡ್ಯಾಫ್ನಿ ಡು ಮೊರಿಯೇ ಬರೆದ ‘ರೆಬೆಕಾ’ (1938). ಇಂಗ್ಲೆಂಡಿನ ಕಡಲ ಪಕ್ಕದ ದೊಡ್ಡ ಬಂಗಲೆ. ತೀರಿಹೋದ ಮೊದಲ ಹೆಂಡತಿಯ ಕೋಣೆಯನ್ನು ಹಾಗೇ ಇಟ್ಟುಕೊಂಡಿರುವ, ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಡ್ಯಾನ್ವರ್ಸ್. ಪಿಂಗಾಣಿ ಗೊಂಬೆ ಒಡೆದರೆ ಚೂರುಗಳನ್ನು ಡ್ರಾಯರಿನಲ್ಲಿ ಬಚ್ಚಿಡುವ ಹೊಸ ಹೆಂಡತಿ, ಅದೂ ಮನೆ ಯಜಮಾನಿಯಾಗಿ! ಮೊದಲರ್ಧ ಸ್ವಲ್ಪ ಜಾಸ್ತಿಯೇ ಎಳೆಯುತ್ತದೆ. ಗುಟ್ಟು ಬಯಲಾದ ಮೇಲೆ ಮಾತ್ರ ಪುಸ್ತಕ ಕೆಳಗಿಡೋಕಾಗಲ್ಲ. ಹಿಚ್‌ಕಾಕ್‌ನ 1940ರ ಸಿನಿಮಾ ಮೊದಲೇ ನೋಡಬೇಡಿ, ಅದರಲ್ಲಿ ಆ ಗುಟ್ಟನ್ನೇ ಬದಲಿಸಿದ್ದಾರೆ.