ಪಳೆಯುಳಿಕೆ ಅಧ್ಯಯನಕ್ಕೆ ಯಾವುದು: ಬ್ರಾಕಿಯೋಪಾಡೋ, ಕಪ್ಪೆಚಿಪ್ಪೋ, ಅಮೋನೈಟೋ?

ಬ್ರಾಕಿಯೋಪಾಡ್ ಎರಡು ಚಿಪ್ಪುಗಳುಳ್ಳ ಕಡಲಜೀವಿ; ಕಪ್ಪೆಚಿಪ್ಪು ಎರಡು ಚಿಪ್ಪುಗಳ ಮೃದ್ವಂಗಿ; ಅಮೋನೈಟ್ ಸುರುಳಿ ಚಿಪ್ಪಿನ, ಈಗ ಅಳಿದುಹೋದ ಕಡಲ ಮೃದ್ವಂಗಿ. ಗುಜರಾತಿನ ಕಛ್‌ನ ಜುರಾಸಿಕ್ (ಸುಮಾರು 20ರಿಂದ 14.5 ಕೋಟಿ ವರ್ಷಗಳ ಹಿಂದಿನ) ಶಿಲೆಗಳಲ್ಲಿ ಈ ಮೂರೂ ದೊರೆಯುವುದರಿಂದ, ಆಯ್ಕೆಯು ನಿಮ್ಮ ಪ್ರಬಂಧದ ಪ್ರಶ್ನೆಯನ್ನೇ ಅವಲಂಬಿಸುತ್ತದೆ. ಕಾಲನಿರ್ಣಯವೇ ಗುರಿಯಾದರೆ, ಬೇಗಬೇಗ ರೂಪ ಬದಲಿಸುತ್ತ ದೂರದ ಕಡಲುಗಳಿಗೂ ಹರಡಿದ್ದ ಅಮೋನೈಟ್‌ಗಳಿಗೆ ಸಾಟಿಯಿಲ್ಲ. ಆದರೆ ಅವುಗಳ ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಖನಿಜರೂಪ) ಚಿಪ್ಪು ಸುಲಭವಾಗಿ ಕರಗಿ, ಹಲವೆಡೆ ಒಳಅಚ್ಚು ಮಾತ್ರ ಉಳಿದಿರುತ್ತದೆ.

ಬಾಳಿಕೆಯಲ್ಲಿ ಬಹುಪಾಲು ಬ್ರಾಕಿಯೋಪಾಡ್‌ಗಳ ಕ್ಯಾಲ್ಸೈಟ್ (ಅದೇ ವಸ್ತುವಿನ ಹೆಚ್ಚು ಸ್ಥಿರವಾದ ರೂಪ) ಚಿಪ್ಪೇ ಮೇಲು. ಗುರುತಿಸುವುದೂ ಕಷ್ಟವಲ್ಲ: ಕರಾವಳಿಯ ಮರುವಾಯಿಯಂಥ ಕಪ್ಪೆಚಿಪ್ಪಿನಲ್ಲಿ ಎರಡು ಚಿಪ್ಪುಗಳು ಪರಸ್ಪರ ಪ್ರತಿಬಿಂಬದಂತಿದ್ದರೆ, ಬ್ರಾಕಿಯೋಪಾಡ್‌ನಲ್ಲಿ ಮೇಲಿನದೂ ಕೆಳಗಿನದೂ ಭಿನ್ನವಾಗಿದ್ದು, ಪ್ರತಿಯೊಂದು ಚಿಪ್ಪಿನ ಎಡಬಲ ಅರ್ಧಗಳು ಒಂದಕ್ಕೊಂದು ಹೊಂದುತ್ತವೆ. ಜಾತಿಯನ್ನು ಖಚಿತಪಡಿಸಲು ಮಾತ್ರ ಹಲವು ವೇಳೆ ಒಳರಚನೆ ನೋಡಲು ಮಾದರಿಯನ್ನೇ ಪದರಪದರವಾಗಿ ತೇಯಬೇಕಾಗುತ್ತದೆ. ಒಂದೇ ಮಾದರಿಯುಳ್ಳವರು ಹಿಂಜರಿಯುವುದು ಸಹಜ.

ಜೀವಂತ ಸಂಬಂಧಿಗಳೊಡನೆ ಹೋಲಿಸುವವರಿಗೆ ಕಪ್ಪೆಚಿಪ್ಪು ಅನುಕೂಲಕರ. 25.2 ಕೋಟಿ ವರ್ಷಗಳ ಹಿಂದಿನ ಮಹಾಅಳಿವಿನ ಪರಿಣಾಮವನ್ನು ಅರಿಯಬಯಸುವವರು, ಆಗ ಕುಗ್ಗಿದ ಬ್ರಾಕಿಯೋಪಾಡ್‌ಗಳನ್ನೂ ನಂತರ ಹಬ್ಬಿದ ಕಪ್ಪೆಚಿಪ್ಪುಗಳನ್ನೂ ಜೊತೆಯಾಗಿಯೇ ಓದಬೇಕು; ಅದಕ್ಕೆ ಕಛ್ ಸಾಲದು, ಹಿಮಾಚಲದ ಸ್ಪಿತಿಯಂಥ ಕಡೆಯ ಹಳೆಯ ಪದರಗಳು ಬೇಕು.