ಇಮಿಕ್ವಿಮಾಡ್ ಶೇ. 5 ಕ್ರೀಮ್: ಗಂಡಸರ ಗುಪ್ತಾಂಗದ ನರಹುಲಿಗೆ ಎಷ್ಟರ ಮಟ್ಟಿಗೆ ಆದೀತು?

ಕಾಲು ಗ್ರಾಂ ಕ್ರೀಮಿನ ಪೊಟ್ಟಣ, ಒಳಗೆ 12.5 ಮಿಲಿಗ್ರಾಂ ಔಷಧಿ. ಅಮೆರಿಕದಲ್ಲಿ 1997ರಲ್ಲಿ ಅಲ್ಡಾರಾ ಎಂಬ ಹೆಸರಿನಲ್ಲಿ ಬಂದ ಇದು ನಮ್ಮ ಮೆಡಿಕಲ್‌ಗಳಲ್ಲಿ ಇಮಿಕ್ವಾಡ್ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ‘ಹಚ್ಚಿದೆ, ಉರಿಯಿತು, ಬಿಸಾಕಿದೆ’ ಎನ್ನುವವರೂ ಇದ್ದಾರೆ, ‘ಕಲೆಯೂ ಉಳಿಯಲಿಲ್ಲ’ ಎನ್ನುವವರೂ ಇದ್ದಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನರಹುಲಿ ಎಲ್ಲಿದೆ, ಕ್ರೀಮನ್ನು ಹೇಗೆ ಹಚ್ಚಿದರು ಎಂಬುದರ ಮೇಲೆ ಫಲಿತಾಂಶ ನಿಂತಿದೆ. ಮುಂದೊಗಲಿನ ಒಳಗಿನ ಮೆತ್ತನೆಯ ನರಹುಲಿಗೆ ಇದಕ್ಕೆ ನಾಲ್ಕು ಸ್ಟಾರ್ ಕೊಡಬಹುದು. ಶಿಶ್ನದ ದಂಡಿನ ಮೇಲಿನ ಒಣಗಿದ, ಗಟ್ಟಿ ನರಹುಲಿಗೆ ಎರಡಕ್ಕಿಂತ ಹೆಚ್ಚು ಕೊಡಲಾಗದು.

ಈ ಕ್ರೀಮ್ ನರಹುಲಿಯನ್ನು ಸುಡುವುದಿಲ್ಲ, ವೈರಸ್ಸನ್ನು ನೇರವಾಗಿ ಕೊಲ್ಲುವುದೂ ಇಲ್ಲ. ಚರ್ಮದಲ್ಲಿ ತೂಕಡಿಸುತ್ತಿರುವ ರೋಗನಿರೋಧಕ ಕೋಶಗಳನ್ನು ಎಬ್ಬಿಸಿ, ವೈರಸ್ಸಿನ ವಿರುದ್ಧ ಹೋರಾಡುವ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಹೊರಡಿಸುತ್ತದೆ; ಮಿಕ್ಕ ಕೆಲಸ ದೇಹದ್ದೇ. ಅದಕ್ಕೇ ನಿಧಾನ. ಗಂಡಸರಲ್ಲಿ ಪೂರ್ತಿ ಹೋಗಲು ಸಾಮಾನ್ಯವಾಗಿ 12 ವಾರ ಬೇಕು, ಹೆಂಗಸರಲ್ಲಿ 8 ಸಾಕು. ಮೂಲ ಪ್ರಯೋಗದಲ್ಲಿ 16 ವಾರದೊಳಗೆ ಪೂರ್ತಿ ವಾಸಿಯಾದವರು ಹೆಂಗಸರಲ್ಲಿ ಶೇ. 72, ಗಂಡಸರಲ್ಲಿ ಬರೀ ಶೇ. 33. ಕಾರಣ ಸರಳ: ತೇವವಿರುವ ತೆಳು ಚರ್ಮದಲ್ಲಿ ಔಷಧಿ ಇಳಿಯುತ್ತದೆ, ಒಣಗಿ ದಪ್ಪಗಾದ ಚರ್ಮದಲ್ಲಿ ಇಳಿಯುವುದಿಲ್ಲ. ಸುನ್ನತಿ ಆಗದವರಲ್ಲಿ ಫಲಿತಾಂಶ ಇದಕ್ಕಿಂತ ಚೆನ್ನಾಗಿರುವುದೂ ಈ ಕಾರಣಕ್ಕೇ.

ದುಡ್ಡು ಸುರಿಯುವ ಮೊದಲು ಅದು ನರಹುಲಿಯೇ ಹೌದಾ ಎಂದು ಗೊತ್ತಾಗಬೇಕು. ಹತ್ತರಲ್ಲಿ ಒಂಬತ್ತು ಪಾಲು ಗುಪ್ತಾಂಗದ ನರಹುಲಿಗೆ ಎಚ್‌ಪಿವಿ ವೈರಸ್ಸಿನ 6 ಮತ್ತು 11ನೇ ತಳಿಗಳು ಕಾರಣ. ಕ್ಯಾನ್ಸರ್ ತರುವ 16, 18 ಬೇರೆ ತಳಿಗಳು. ನರಹುಲಿ ಒಂದೇ ಅಳತೆಯಲ್ಲಿ ಇರುವುದಿಲ್ಲ. ಕೆಲವು ಹೂಕೋಸಿನಂತೆ, ಕೆಲವು ಕೋಳಿ ಜುಟ್ಟಿನಂತೆ, ಕೆಲವು ಚಪ್ಪಟೆ. ಶಿಶ್ನದ ತಲೆಯ ಅಂಚಿನ ಸುತ್ತ ಮುತ್ತು ಪೋಣಿಸಿದಂತೆ ಒಂದೇ ಗಾತ್ರದ ಸಣ್ಣ ಗುಳ್ಳೆಗಳ ಸಾಲು ಇದ್ದರೆ ಅದು ಸಹಜ ರಚನೆ, ರೋಗವಲ್ಲ. ಅದಕ್ಕೆ ಈ ಕ್ರೀಮ್ ಹಚ್ಚಿ ಚರ್ಮ ಕಿತ್ತುಕೊಂಡು ಬರುವ ಹುಡುಗರ ಬಗ್ಗೆ ಯಾವ ಚರ್ಮರೋಗ ತಜ್ಞರನ್ನು ಕೇಳಿದರೂ ಹೇಳುತ್ತಾರೆ. ನಡುವೆ ಕುಳಿ ಬಿದ್ದ ಹೊಳೆಯುವ ಗುಳ್ಳೆ ಮೊಲಸ್ಕಮ್ ಎಂಬ ಬೇರೆ ವೈರಸ್ ಸೋಂಕು. ಒದ್ದೆಯಾದ, ಅಗಲವಾದ, ಚಪ್ಪಟೆ ಗಡ್ಡೆಗಳು ಸಿಫಿಲಿಸ್ ಎಂಬ ಲೈಂಗಿಕ ರೋಗದ ಎರಡನೇ ಹಂತದ್ದಾಗಿರಬಹುದು. ಅದಕ್ಕೆ ವಿಡಿಆರ್‌ಎಲ್ ರಕ್ತಪರೀಕ್ಷೆ ಬೇಕೇ ಬೇಕು, ಜೊತೆಗೆ ಎಚ್‌ಐವಿ ಪರೀಕ್ಷೆಯೂ. ಕಪ್ಪಾದ, ಕಲ್ಲಿನಂತೆ ಗಟ್ಟಿಯಾದ, ರಕ್ತ ಒಸರುವ ಗಡ್ಡೆಗೆ ಮೊದಲು ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷೆ. ವಿನೆಗರ್ ಹಚ್ಚಿ ಬೆಳ್ಳಗಾಯಿತಾ ಎಂದು ನೋಡುವ ಮನೆ ಪರೀಕ್ಷೆಯನ್ನು ನಂಬಬೇಡಿ. ಸಾಮಾನ್ಯ ತುರಿಕೆಯ ಚರ್ಮವೂ ಬೆಳ್ಳಗಾಗುತ್ತದೆ.

ಈಗ ಹಚ್ಚುವ ರೀತಿ. ವಾರಕ್ಕೆ 3 ರಾತ್ರಿ, ಒಂದು ದಿನ ಬಿಟ್ಟು: ಸೋಮ, ಬುಧ, ಶುಕ್ರ ಎಂದಿಟ್ಟುಕೊಂಡರೆ ಮರೆಯುವುದಿಲ್ಲ. ಜಾಗವನ್ನು ಸೋಪು ನೀರಿನಲ್ಲಿ ತೊಳೆದು, ಒರೆಸಿ, ಪೂರ್ತಿ ಆರಲು ಬಿಡಿ. ಪೊಟ್ಟಣದ ಮೂಲೆ ಹರಿದು ಬೆರಳ ತುದಿಗೆ ಸಾಸಿವೆಯಷ್ಟು ತೆಗೆದು ನರಹುಲಿಯ ಮೇಲಿಟ್ಟು, ಬಿಳಿ ಬಣ್ಣ ಮಾಯವಾಗುವ ತನಕ ಮೆಲ್ಲಗೆ ತಿಕ್ಕಿ. ಬಿಳಿ ಪದರ ಕಾಣುತ್ತಿದ್ದರೆ ಹೆಚ್ಚಾಗಿದೆ ಎಂದೇ ಲೆಕ್ಕ. ನಾಲ್ಕೈದು ನರಹುಲಿ ಇರುವವರಿಗೆ ಪೊಟ್ಟಣದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ‘ದುಡ್ಡು ಕೊಟ್ಟಿದ್ದೇವಲ್ಲ’ ಎಂದು ಉಳಿದದ್ದನ್ನು ಸುತ್ತಲಿನ ಚರ್ಮಕ್ಕೆಲ್ಲ ಬಳಿಯುವುದೇ ಹೆಚ್ಚಿನ ಉರಿಗೆ ಮೂಲ. ಉಳಿದದ್ದನ್ನು ಎಸೆಯಿರಿ, ಕಂಪನಿ ಹೇಳುವುದೂ ಅದನ್ನೇ. ಮೇಲೆ ಪ್ಲಾಸ್ಟರ್, ಬ್ಯಾಂಡೇಜ್ ಬೇಡ, ಹತ್ತಿಯ ಒಳಉಡುಪು ಸಾಕು. 6ರಿಂದ 10 ಗಂಟೆ ಬಿಟ್ಟು, ಅಂದರೆ ಬೆಳಗ್ಗೆ ಎದ್ದ ಕೂಡಲೇ, ಸೋಪು ನೀರಿನಲ್ಲಿ ತೊಳೆಯಿರಿ. ಹಚ್ಚುವ ಮೊದಲೂ ಆಮೇಲೂ ಕೈ ತೊಳೆಯಬೇಕು. ಮುಂದೊಗಲಿನ ಒಳಗೆ ಹಚ್ಚುವವರು ದಿನವೂ ಅದನ್ನು ಹಿಂದೆ ಸರಿಸಿ ತೊಳೆಯಬೇಕು. ಮೂತ್ರದ್ವಾರದ ಒಳಗೆ ಈ ಕ್ರೀಮ್ ಹೋಗಕೂಡದು. ಅಲ್ಲಿನ ನರಹುಲಿ ವೈದ್ಯರ ಕೈಗೆ ಬಿಟ್ಟದ್ದು.

ಒಂದು ರಾತ್ರಿ ತಪ್ಪಿದರೆ ನೆನಪಾದ ರಾತ್ರಿ ಹಚ್ಚಿ ಮುಂದುವರಿಸಿ, ಎರಡು ಪಟ್ಟು ಬೇಡ. 16 ವಾರಕ್ಕಿಂತ ಮುಂದೆ ಎಳೆಯಬೇಡಿ. ಪೂರ್ತಿ ಕೋರ್ಸಿಗೆ 48 ಪೊಟ್ಟಣ ಆಗುತ್ತದೆ; ಕೊಳ್ಳುವಾಗ ಒಂದು ಪೊಟ್ಟಣದ ಬೆಲೆ ನೋಡಿ ಸಮಾಧಾನಪಡದೆ ಅದನ್ನು 48ರಿಂದ ಗುಣಿಸಿ ನೋಡಿ. ಇಡುವ ಜಾಗ 25 ಡಿಗ್ರಿ ಒಳಗಿರಬೇಕು. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟರೆ ಮುಗಿಯಿತು. ಫ್ರೀಜರಿನಲ್ಲೂ ಇಡಬೇಡಿ.

ಒಂದೆರಡು ವಾರಕ್ಕೆ ಜಾಗ ಕೆಂಪಾಗುತ್ತದೆ, ತುರಿಸುತ್ತದೆ, ಸಿಪ್ಪೆ ಏಳುತ್ತದೆ. ಅಲ್ಲಿಗೆ ಹೆದರಿ ಬಿಟ್ಟುಬಿಡುವವರೇ ಬಹಳ. ಇಷ್ಟು ಪ್ರತಿಕ್ರಿಯೆ ನಿರೀಕ್ಷಿತ. ಚರ್ಮ ಹಸಿಯಾಗಿ, ಹುಣ್ಣಾಗಿ ಒಸರಿದರೆ ಕೆಲವು ದಿನ ನಿಲ್ಲಿಸಿ, ಮಾಗಿದ ಮೇಲೆ ಮತ್ತೆ ಶುರುಮಾಡಬಹುದು. ಜ್ವರ, ಮೈಕೈ ನೋವು ಬಂದರೆ ಅಥವಾ ಮುಂದೊಗಲು ಊದಿ ಹಿಂದೆ ಸರಿಯದಿದ್ದರೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಹಚ್ಚಿದ ಜಾಗ ಬೆಳ್ಳಗಾಗಿ, ಕೆಲವರಲ್ಲಿ ಹಾಗೇ ಉಳಿಯುವುದುಂಟು. ನಮ್ಮ ಮೈಬಣ್ಣದ ಮೇಲೆ ಅದು ಎದ್ದು ಕಾಣುತ್ತದೆ, ಇದನ್ನು ಮೊದಲೇ ತಿಳಿದಿರಬೇಕು. ಇನ್ನೊಂದು ಎಡವಟ್ಟು ಕಾಂಡೋಮಿನದು: ಈ ಕ್ರೀಮಿನ ಎಣ್ಣೆಯಂಶ ರಬ್ಬರನ್ನು ದುರ್ಬಲಗೊಳಿಸುತ್ತದೆ. ಕ್ರೀಮ್ ಚರ್ಮದ ಮೇಲಿರುವಷ್ಟು ಹೊತ್ತು ಸಂಭೋಗ ಬೇಡವೇ ಬೇಡ.

ಇದರ ಬದಲು ಜನ ಹಚ್ಚುವ ವಸ್ತುಗಳ ಪಟ್ಟಿ ನೋಡಿದರೆ ಮೈ ಜುಂ ಎನ್ನುತ್ತದೆ. ಸುಣ್ಣ-ಸೋಡಾ, ಎಕ್ಕದ ಹಾಲು, ಗೇರು ಸಿಪ್ಪೆಯ ಎಣ್ಣೆ, ಕುದುರೆ ಕೂದಲು ಕಟ್ಟುವುದು. ಕತ್ತಿನ ನರಹುಲಿಗೇ ಇವು ಅಪಾಯ, ಇಲ್ಲಿಗಂತೂ ಸುಟ್ಟ ಗಾಯ ಗ್ಯಾರಂಟಿ. ಕಾಲಿನ ಆಣಿಗೆ ಅಂಟಿಸುವ ಸ್ಯಾಲಿಸಿಲಿಕ್ ಆಮ್ಲದ ಪಟ್ಟಿಯೂ ಗುಪ್ತಾಂಗಕ್ಕಲ್ಲ. ಮೆಡಿಕಲ್‌ನವರು ‘ಅಲ್ಲಿ ತುರಿಕೆ’ ಎಂದ ಕೂಡಲೇ ಕೊಡುವ, ಸ್ಟೀರಾಯ್ಡ್ ಬೆರೆಸಿದ ಮಿಶ್ರ ಮುಲಾಮು ಇನ್ನೂ ಕೆಟ್ಟದ್ದು. ಇಮಿಕ್ವಿಮಾಡ್ ಎಬ್ಬಿಸಲು ಹೊರಟ ರಕ್ಷಣೆಯನ್ನೇ ಅದು ಮಲಗಿಸುತ್ತದೆ.

ಸರಿಯಾದ ಪರ್ಯಾಯಗಳೂ ಇವೆ. ಮನೆಯಲ್ಲೇ ಹಚ್ಚುವ ಇನ್ನೊಂದು ಔಷಧಿ ಪೊಡೊಫಿಲೊಟಾಕ್ಸಿನ್ ಶೇ. 0.5: ದಿನಕ್ಕೆ ಎರಡು ಸಲದಂತೆ 3 ದಿನ, ಮತ್ತೆ 4 ದಿನ ವಿರಾಮ, ಹೀಗೆ ಹೆಚ್ಚೆಂದರೆ 4 ಸುತ್ತು. ಇಮಿಕ್ವಿಮಾಡ್‌ಗಿಂತ ಬೇಗ ಮುಗಿಯುತ್ತದೆ. ಆದರೆ ಹೆಸರು ಹತ್ತಿರವಿರುವ ಶೇ. 20ರ ಪೊಡೊಫಿಲಿನ್ ರಾಳ ಬೇರೆಯೇ ವಸ್ತು. ಅದನ್ನು ವೈದ್ಯರು ಹಚ್ಚಬೇಕು, 1ರಿಂದ 4 ಗಂಟೆಯೊಳಗೆ ತೊಳೆಯಬೇಕು. ಬಾಟಲಿಯ ಮೇಲಿನ ಹೆಸರನ್ನು ಎರಡು ಸಲ ಓದಿ. ಸಂಗಾತಿ ಬಸುರಿಯಾಗಿದ್ದು ಅವರಿಗೂ ನರಹುಲಿ ಇದ್ದರೆ ಈ ಯಾವುದನ್ನೂ ಅವರಿಗೆ ಹಂಚಬೇಡಿ.

ದಂಡಿನ ಮೇಲಿನ ಗಟ್ಟಿ ನರಹುಲಿಗೆ ಕ್ರೈಯೊ ಒಳ್ಳೆಯದು. ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಸಿಂಪಡಿಸಿದರೆ ನರಹುಲಿಯೂ ಸುತ್ತಲಿನ ಒಂದೆರಡು ಮಿಲಿಮೀಟರ್ ಚರ್ಮವೂ ಹಿಮದಂತೆ ಬೆಳ್ಳಗಾಗುತ್ತದೆ. ಒಂದೆರಡು ವಾರಕ್ಕೊಮ್ಮೆ ಸಿಟ್ಟಿಂಗ್. ಬಹಳ ಇದ್ದರೆ, ದೊಡ್ಡದಿದ್ದರೆ ಕಾಟರಿ (ವಿದ್ಯುತ್ತಿನಿಂದ ಸುಡುವುದು) ಅಥವಾ ಲೇಸರ್‌ನಲ್ಲಿ ಒಂದೇ ದಿನ ತೆಗೆಯಬಹುದು. ಹಾಗೆ ಸುಡುವಾಗ ಏಳುವ ಹೊಗೆಯಲ್ಲಿ ವೈರಸ್ಸಿನ ಅಂಶ ಇರುತ್ತದೆ. ಹೊಗೆ ಹೀರುವ ಯಂತ್ರ ಇಟ್ಟುಕೊಂಡ ಕ್ಲಿನಿಕ್ ಆರಿಸಿ. ಯಾವ ವಿಧಾನದಲ್ಲೂ ವೈರಸ್ ಪೂರ್ತಿ ಹೋಗುವುದಿಲ್ಲ, ಕಣ್ಣಿಗೆ ಕಾಣುವುದಷ್ಟೇ ಹೋಗುತ್ತದೆ. ಮೊದಲ 3 ತಿಂಗಳಲ್ಲಿ ಮರಳುವುದು ಹೆಚ್ಚು, ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೂ ಹೆಚ್ಚು. ‘ಒಂದೇ ಸಿಟ್ಟಿಂಗ್, ಜೀವಮಾನದ ಗ್ಯಾರಂಟಿ’ ಎಂಬ ಬಸ್ ಸ್ಟ್ಯಾಂಡಿನ ಗೋಡೆಬರಹ ಯಾಕೆ ಸುಳ್ಳು ಎಂದು ಇದರಿಂದಲೇ ಗೊತ್ತಾಗುತ್ತದೆ. ನರಹುಲಿ ಇರುವಷ್ಟು ದಿನ ಅಲ್ಲಿ ರೇಜರ್ ಆಡಿಸಬೇಡಿ, ಗೀರಿದ ಗೆರೆಯುದ್ದಕ್ಕೂ ಹೊಸ ನರಹುಲಿ ಏಳುತ್ತದೆ.

ಸಂಗಾತಿಯ ಮೇಲೆ ಅನುಮಾನ ಬೇಡ. ಅಂಟಿದ ಮೇಲೆ ನರಹುಲಿ ಕಾಣಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿಯುತ್ತವೆ. ಯಾರಿಂದ ಎಂದು ಲೆಕ್ಕ ಹಾಕಲು ಸಾಧ್ಯವಿಲ್ಲ. ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಆದರೆ ಅದು ಮುಚ್ಚದ ಚರ್ಮದಿಂದ ಹರಡುವುದನ್ನು ತಡೆಯದು.

ತಡೆಯುವ ಗಟ್ಟಿ ದಾರಿ ಲಸಿಕೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು. 6, 11, 16, 18 ನಾಲ್ಕೂ ತಳಿಗೆ ಅದು ಕೆಲಸ ಮಾಡುತ್ತದೆ, 9ರಿಂದ 26 ವರ್ಷದ ಗಂಡುಹುಡುಗರಿಗೂ ಕೊಡಬಹುದು. 14 ವರ್ಷದವರೆಗೆ 6 ತಿಂಗಳ ಅಂತರದಲ್ಲಿ 2 ಡೋಸ್, 15 ದಾಟಿದರೆ 0, 2, 6ನೇ ತಿಂಗಳಲ್ಲಿ 3 ಡೋಸ್. ಹೆಸರಿನಲ್ಲಿ ಗರ್ಭಕಂಠದ (ಸರ್ವಿಕ್ಸ್) ಸುಳಿವಿದೆ, ಇದು ಹೆಂಗಸರದ್ದು ಎಂದು ವಾಪಸು ಕಳಿಸುವ ಕ್ಲಿನಿಕ್ ಸಿಕ್ಕರೆ ಬೇರೆ ಕಡೆ ಹೋಗಿ. ಹಳೆಯ ಸರ್ವಾರಿಕ್ಸ್‌ನಲ್ಲಿ 6 ಮತ್ತು 11 ಇಲ್ಲ, ಹಾಗಾಗಿ ನರಹುಲಿಗೆ ಅದು ಲೆಕ್ಕಕ್ಕಿಲ್ಲ. ಈಗಾಗಲೇ ಎದ್ದಿರುವ ನರಹುಲಿ ಯಾವ ಲಸಿಕೆಯಿಂದಲೂ ಉದುರುವುದಿಲ್ಲ.

ಚರ್ಮರೋಗ ತಜ್ಞರ ಶುಲ್ಕ ಹೊರೆ ಎನಿಸಿದರೆ, ಹೆಸರು ಹೇಳಲು ಸಂಕೋಚವಾದರೆ, ಲೈಂಗಿಕ ರೋಗಗಳಿಗೆಂದೇ ಇರುವ ಜಿಲ್ಲಾಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಹೋಗಬಹುದು. ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಅಲ್ಲಿ ಉಚಿತ. ಹೋಗುವ ಮುಂಚೆ ಕೇಳಿ ತಿಳಿಯಲು ಎಚ್‌ಐವಿ-ಏಡ್ಸ್ ಮಾಹಿತಿಯ 1097 ಸಹಾಯವಾಣಿ ಇದೆ.