ಲ್ಯಾಬ್‌ಗೆ ಯಾವ ವರ್ಚುವಲ್ ಸ್ವಿಚ್?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡು ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ ಸಿಸಿಎನ್‌ಎಗೆ ಓದುತ್ತಾ, ವರ್ಚುವಲ್ ಸ್ವಿಚ್ (ಸಾಫ್ಟ್‌ವೇರ್ ರೂಪದ ನೆಟ್‌ವರ್ಕ್ ಸ್ವಿಚ್) ಮೇಲೆ ಅಭ್ಯಾಸ ಮಾಡುವವರು ಮೊದಲು ನೋಡಬೇಕಾದ್ದು ಲ್ಯಾಪ್‌ಟಾಪಿನ ರ‍್ಯಾಮ್. 8 ಜಿಬಿ ಇದ್ದರೆ ಸಿಸ್ಕೋದ ಕಲಿಕೆಯ ಸಾಫ್ಟ್‌ವೇರ್ ಪ್ಯಾಕೆಟ್ ಟ್ರೇಸರ್ ಸಾಕು. ಉಚಿತ, ಹಗುರ. ಆದರೆ ಅದು ನಿಜವಾದ ಐಒಎಸ್ (ಸಿಸ್ಕೋ ಸ್ವಿಚ್‌ಗಳ ಆಪರೇಟಿಂಗ್ ಸಿಸ್ಟಮ್) ಅಲ್ಲ, ಅನುಕರಣೆ. ಎಷ್ಟೋ ಕಮಾಂಡ್‌ಗಳು ಅದರಲ್ಲಿ ಇಲ್ಲವೇ ಇಲ್ಲ.

16 ಜಿಬಿ ಇದ್ದರೆ ಜಿಎನ್‌ಎಸ್3 ಅಥವಾ ಈವ್-ಎನ್‌ಜಿ ಹಾಕಿಕೊಳ್ಳಿ; ಎರಡೂ ವರ್ಚುವಲ್ ಸ್ವಿಚ್‌ಗಳನ್ನು ಜೋಡಿಸಿ ಓಡಿಸುವ ಸಾಫ್ಟ್‌ವೇರ್. ಆಗ ಪೈಪೋಟಿ ಎರಡು ಇಮೇಜ್‌ಗಳ (ಸ್ವಿಚ್‌ನ ಸಾಫ್ಟ್‌ವೇರ್ ಫೈಲ್‌ಗಳ) ನಡುವೆ. ಸಿಸ್ಕೋದ ಐಒಎಸ್‌ವಿಎಲ್2 ಓಡಿಸುವುದು ನಿಜವಾದ ಐಒಎಸ್. ವಿಲ್ಯಾನ್, ಟ್ರಂಕ್, ಸ್ಪ್ಯಾನಿಂಗ್ ಟ್ರೀ, ಈಥರ್‌ಚಾನೆಲ್ ಈ ಸ್ವಿಚಿಂಗ್ ಪಾಠಗಳನ್ನೆಲ್ಲ ಅಭ್ಯಾಸ ಮಾಡಬಹುದು. ಒಂದು ಸ್ವಿಚ್‌ಗೆ ಸುಮಾರು 1 ಜಿಬಿ ಸಾಕು. ಇಮೇಜ್ ಮಾತ್ರ ಸಿಸ್ಕೋದ ಲ್ಯಾಬ್ ಸಾಫ್ಟ್‌ವೇರ್ ಸಿಎಂಎಲ್ ಮೂಲಕವೇ ಪಡೆಯಿರಿ. ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಫೈಲ್ ಖಂಡಿತ ಬೇಡ. ಲೈಸೆನ್ಸ್ ಇರುವುದಿಲ್ಲ, ಒಳಗೇನಿದೆ ಅಂತ ಗೊತ್ತಾಗುವುದೂ ಇಲ್ಲ, ಅಲ್ವಾ?

ಎರಡನೆಯ ಇಮೇಜ್ ಅರಿಸ್ಟಾ ಎಂಬ ಸ್ವಿಚ್ ಕಂಪನಿಯ ವಿಇಒಎಸ್. ಅವರ ಸೈಟಿನಲ್ಲಿ ಖಾತೆ ತೆರೆದರೆ ಉಚಿತ. ಕಮಾಂಡ್‌ಗಳೂ ಸಿಸ್ಕೋದವಕ್ಕೆ ಹತ್ತಿರ. ಆದರೆ ಒಂದಕ್ಕೇ ಕನಿಷ್ಠ 2 ಜಿಬಿ ಬೇಕು. ನಾಲ್ಕು ಸ್ವಿಚ್ ಎಂದರೆ 8 ಜಿಬಿ ಅಲ್ಲೇ ಹೋಯಿತು. ಡೇಟಾ ಸೆಂಟರ್ ಕಡೆ ಹೋಗುವವರಿಗೆ, ಅಲ್ಲಿ ಬಳಸುವ ವಿಎಕ್ಸ್‌ಲ್ಯಾನ್ ತಂತ್ರ ಕಲಿಯುವವರಿಗೆ ಇದೇ ಸರಿ.

ಪರೀಕ್ಷೆ ಸಿಸ್ಕೋದ್ದಾದರೆ ನನ್ನ ಓಟು ಐಒಎಸ್‌ವಿಎಲ್2ಗೆ. ಎರಡರಲ್ಲೂ ಅಸಲಿ ಸ್ವಿಚ್‌ನ ಚಿಪ್ ಇಲ್ಲ, ಹಾಗಾಗಿ ಸುಮ್ನೆ ವೇಗ ಅಳೆಯಲು ಹೋಗಬೇಡಿ.